ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಿಂದ ಇನ್ಸುಲಿನ್ ಸೆನ್ಸಿಟಿವಿಟಿ ಅಂದಾಜು ಮಾಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಇಬ್ಬರ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಳ್ಳೋಣ. ಇಬ್ಬರಿಗೂ ಫಾಸ್ಟಿಂಗ್ ಶುಗರ್ 96. ಇಬ್ಬರ ಹಾಳೆಯಲ್ಲೂ ಅದು ನಾರ್ಮಲ್ ಅಂತಲೇ ಇದೆ. ಆದರೆ ಅದೇ ಬೆಳಿಗ್ಗೆ ತೆಗೆದ ರಕ್ತದಲ್ಲಿ ಇನ್ಸುಲಿನ್ ನೋಡಿದರೆ ಒಬ್ಬರಿಗೆ 4, ಇನ್ನೊಬ್ಬರಿಗೆ 16. ಸಕ್ಕರೆಯನ್ನು 96ರಲ್ಲಿ ಹಿಡಿದಿಡಲು ಎರಡನೆಯವರಿಗೆ ನಾಲ್ಕು ಪಟ್ಟು ಇನ್ಸುಲಿನ್ ಬೇಕಾಗುತ್ತಿದೆ. ಅಂದರೆ ಅವರ ದೇಹ ಇನ್ಸುಲಿನ್ ಮಾತನ್ನು ಸುಲಭಕ್ಕೆ ಕೇಳುತ್ತಿಲ್ಲ. ಚೆನ್ನಾಗಿ ಕೇಳುವ ಗುಣಕ್ಕೆ ಇನ್ಸುಲಿನ್ ಸೆನ್ಸಿಟಿವಿಟಿ ಎಂದೂ, ಕೇಳದಿರುವುದಕ್ಕೆ ಇನ್ಸುಲಿನ್ ರೆಸಿಸ್ಟೆನ್ಸ್ ಎಂದೂ ಹೆಸರು. ಶುಗರ್ ಒಂದನ್ನೇ ನೋಡಿ ಸುಮ್ಮನಾಗಿದ್ದರೆ ಈ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಶುಗರ್ ಏರುವುದಕ್ಕೆ ಎಷ್ಟೋ ವರ್ಷ ಮೊದಲೇ ಇನ್ಸುಲಿನ್ ಏರಿರುತ್ತದೆ. ಈ ವರ್ಷಗಳಲ್ಲಿ ಊಟ, ನಡಿಗೆ, ನಿದ್ದೆ ಸರಿ ಮಾಡಿಕೊಂಡರೆ ಸಿಗುವ ಫಲ ದೊಡ್ಡದು. ಹಾಗಾಗಿ ಶುಗರ್ ಜೊತೆ ಇನ್ಸುಲಿನ್ ಸೇರಿಸಿ ಸೆನ್ಸಿಟಿವಿಟಿ ಅಂದಾಜು ಮಾಡುವ ಲೆಕ್ಕವನ್ನು ಎಲ್ಲರೂ ಕಲಿಯಬೇಕು ಅನ್ನುವುದು ನನ್ನ ಆಸೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಆದರೆ ಲೆಕ್ಕಕ್ಕಿಂತ ಮುಖ್ಯವಾದದ್ದು ರಕ್ತ ಕೊಡುವ ಬೆಳಿಗ್ಗೆ, ಉತ್ತರವನ್ನು ಓದುವ ರೀತಿ. ಅದಕ್ಕೇ ಈ ಬರಹದಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು, ಈ ಲೆಕ್ಕ ಏನನ್ನು ಅಳೆಯುತ್ತದೆ?

ರಾತ್ರಿ ನಾವು ಏನೂ ತಿನ್ನದಿದ್ದರೂ ಮಿದುಳಿಗೆ ಗ್ಲೂಕೋಸ್ ಬೇಕೇ ಬೇಕು. ಅದನ್ನು ಲಿವರ್ ನಿಧಾನವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ. ಬಿಟ್ಟದ್ದು ಸಾಕು ಎಂದು ಲಿವರ್‌ಗೆ ಹೇಳುವುದು ಇನ್ಸುಲಿನ್. ಲಿವರ್ ಆ ಮಾತನ್ನು ಸರಿಯಾಗಿ ಕೇಳದಿದ್ದರೆ ಪ್ಯಾಂಕ್ರಿಯಾಸ್ (ಇನ್ಸುಲಿನ್ ತಯಾರಿಸುವ ಗ್ರಂಥಿ) ಇನ್ನಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗ್ಲೂಕೋಸ್ ಎಷ್ಟಿದೆ, ಅದಕ್ಕೆ ಇನ್ಸುಲಿನ್ ಎಷ್ಟು ಬೇಕಾಗಿದೆ ಎಂದು ನೋಡಿದರೆ ಈ ಜಗ್ಗಾಟದ ಅಂದಾಜು ಸಿಗುತ್ತದೆ.

ಇಲ್ಲಿ ಒಂದು ಮಿತಿ ಇದೆ. ಫಾಸ್ಟಿಂಗ್ ಲೆಕ್ಕ ಹೆಚ್ಚಾಗಿ ಹೇಳುವುದು ಲಿವರ್ ಕಥೆಯನ್ನು. ಊಟವಾದ ಮೇಲೆ ಗ್ಲೂಕೋಸನ್ನು ಎಳೆದುಕೊಳ್ಳಬೇಕಾದ ಸ್ನಾಯುಗಳ ಸ್ಥಿತಿ ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಿಖರವಾಗಿ ಅಳೆಯುವ ಪದ್ಧತಿಯೂ ಇದೆ. ಅದರ ಹೆಸರು ಕ್ಲ್ಯಾಂಪ್. 1979ರಲ್ಲಿ ಡಿಫ್ರಾಂಜೊ ಮತ್ತು ಸಂಗಡಿಗರು ಅದನ್ನು ವಿವರಿಸಿ ಪ್ರಕಟಿಸಿದರು. ನರದ ಮೂಲಕ ಒಂದೇ ಸಮನೆ ಇನ್ಸುಲಿನ್ ಕೊಡುತ್ತಾ, ಶುಗರ್ ಬೀಳದಂತೆ ಗ್ಲೂಕೋಸ್ ಡ್ರಿಪ್ಪನ್ನು ಐದೈದು ನಿಮಿಷಕ್ಕೊಮ್ಮೆ ಹೆಚ್ಚುಕಡಿಮೆ ಮಾಡುತ್ತಾ ಗಂಟೆಗಟ್ಟಲೆ ಮಲಗಿಸುತ್ತಾರೆ. ಸಂಶೋಧನೆಗೆ ಸರಿ, ನಮ್ಮ ನಿಮ್ಮ ಚೆಕಪ್‌ಗೆ ಆಗುವ ಮಾತಲ್ಲ. ಹಾಗಾಗಿಯೇ ಒಂದೇ ಸಲದ ರಕ್ತದಿಂದ ಅಂದಾಜು ಮಾಡುವ ದಾರಿಗಳನ್ನು ಹುಡುಕಿದರು. 1985ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಕೊಟ್ಟ ಹೋಮಾ ಲೆಕ್ಕ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ.

ಹೆಜ್ಜೆ 1: ಇದು ನಿಮಗೆ ಅನ್ವಯಿಸುತ್ತದೆಯೇ ನೋಡಿ

ಇನ್ಸುಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರು ಈ ಲೆಕ್ಕ ಮಾಡಬಾರದು. ರಕ್ತದಲ್ಲಿರುವುದು ದೇಹದ ಇನ್ಸುಲಿನ್ನೋ ಹೊರಗಿನದ್ದೋ ಎಂದು ಈ ಪರೀಕ್ಷೆಯಿಂದ ಬಿಡಿಸಿ ಹೇಳಲಾಗುವುದಿಲ್ಲ. ಟೈಪ್ 1 ಸಕ್ಕರೆ ಕಾಯಿಲೆ ಇರುವವರಿಗೂ ಇದು ಅಲ್ಲ. ಗರ್ಭಿಣಿಯರಲ್ಲಿ ಇನ್ಸುಲಿನ್ ಸಹಜವಾಗಿಯೇ ಏರುತ್ತದೆ, ಹಾಗಾಗಿ ಉಳಿದವರ ಅಳತೆಗೋಲು ಅಲ್ಲಿ ನಡೆಯುವುದಿಲ್ಲ. ಜ್ವರ, ಸೋಂಕು, ಇತ್ತೀಚಿನ ಆಪರೇಷನ್, ಸ್ಟೀರಾಯ್ಡ್ ಮಾತ್ರೆ ಇದ್ದಾಗಲೂ ಸಂಖ್ಯೆ ಮೇಲೇರುತ್ತದೆ. ಗುಣವಾಗಿ ಕೆಲವು ವಾರ ಕಳೆದ ಮೇಲೆ ಮಾಡಿಸಿ.

ಗ್ಲಿಮೆಪಿರೈಡ್‌ನಂಥ ಮಾತ್ರೆ ಪ್ಯಾಂಕ್ರಿಯಾಸನ್ನು ಕೆದಕಿ ಇನ್ಸುಲಿನ್ ಹೊರಡಿಸುತ್ತದೆ. ಮೆಟ್‌ಫಾರ್ಮಿನ್ ಲಿವರ್ ಬಿಡುವ ಗ್ಲೂಕೋಸನ್ನು ತಗ್ಗಿಸುತ್ತದೆ. ಇಂಥ ಮಾತ್ರೆಗಳಲ್ಲಿ ಇರುವವರ ಸಂಖ್ಯೆಯಲ್ಲಿ ಮಾತ್ರೆಯ ಪಾಲೂ ಸೇರಿರುತ್ತದೆ. ಪರೀಕ್ಷೆಗಾಗಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಆ ಬೆಳಿಗ್ಗೆ ಏನು ಮಾಡಬೇಕೆಂದು ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಈ ಲೆಕ್ಕ ಅಲ್ಲ. ಅದಕ್ಕೆ ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಪರೀಕ್ಷೆ), ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಇವೆ. ಫಾಸ್ಟಿಂಗ್ ಶುಗರ್ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದ್ದರೆ ಅಥವಾ ದಾಟಿದ್ದರೆ ಹೋಮಾ ಲೆಕ್ಕ ಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಹೆಜ್ಜೆ 2: ಲ್ಯಾಬ್‌ನಲ್ಲಿ ಏನು ಕೇಳಬೇಕು

ಮೂರು ಪರೀಕ್ಷೆ ಬೇಕು: ಫಾಸ್ಟಿಂಗ್ ಗ್ಲೂಕೋಸ್, ಫಾಸ್ಟಿಂಗ್ ಇನ್ಸುಲಿನ್, ಲಿಪಿಡ್ ಪ್ರೊಫೈಲ್ (ಟ್ರೈಗ್ಲಿಸರೈಡ್, ಎಚ್‌ಡಿಎಲ್ ಮುಂತಾದ ರಕ್ತದ ಕೊಬ್ಬಿನ ಪರೀಕ್ಷೆ). ಮೂರಕ್ಕೂ ಒಂದೇ ಸಲ ರಕ್ತ ತೆಗೆಸಿ. ಸೋಮವಾರದ ಶುಗರ್, ಗುರುವಾರದ ಇನ್ಸುಲಿನ್ ಸೇರಿಸಿ ಲೆಕ್ಕ ಹಾಕಿದರೆ ಉತ್ತರಕ್ಕೆ ಅರ್ಥವಿಲ್ಲ. ಮನೆಯ ಗ್ಲೂಕೋಮೀಟರ್ ರೀಡಿಂಗ್ ಕೂಡ ಇಲ್ಲಿ ಬೇಡ. ಶುಗರ್ 100ರ ಕೆಳಗಿದ್ದಾಗ ಒಳ್ಳೆಯ ಮೀಟರ್‌ಗೂ 15ರಷ್ಟು ಆಚೀಚೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡದಲ್ಲೇ ಅವಕಾಶವಿದೆ. ದಿನನಿತ್ಯದ ಬಳಕೆಗೆ ಅದು ಸಾಕು, ಈ ಲೆಕ್ಕಕ್ಕೆ ಸಾಲದು.

ರಕ್ತ ತೆಗೆಯುವಾಗ ಟ್ಯೂಬುಗಳನ್ನು ಗಮನಿಸಿ. ಗ್ಲೂಕೋಸ್‌ಗೆ ಸಾಮಾನ್ಯವಾಗಿ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಅದು ಯಾಕೆ ಬೇಕು? ರಕ್ತ ದೇಹದಿಂದ ಹೊರಗೆ ಬಂದ ಮೇಲೂ ಅದರೊಳಗಿನ ಕಣಗಳು ಬದುಕಿರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಇಲ್ಲದೆ, ಕಣ ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ನಿಜವಾದ 104 ಎರಡು ಗಂಟೆಯಲ್ಲಿ 92 ಆಗಿಬಿಡಬಹುದು. ಫ್ಲೋರೈಡ್ ಇದ್ದರೂ ಅದು ಪೂರ್ತಿ ಕೆಲಸ ಶುರು ಮಾಡಲು ಸಮಯ ಹಿಡಿಯುತ್ತದೆ.

ಇನ್ಸುಲಿನ್‌ಗೆ ಬೇರೆ ತೊಂದರೆ. ಕೆಂಪು ಕಣಗಳು ಒಡೆದುಹೋದರೆ ಅವುಗಳೊಳಗಿನ ಕಿಣ್ವ ಹೊರಬಂದು ಇನ್ಸುಲಿನ್ನನ್ನು ಕತ್ತರಿಸಿಬಿಡುತ್ತದೆ. ಆಗ ರಿಪೋರ್ಟ್‌ನಲ್ಲಿ ಇನ್ಸುಲಿನ್ ಸುಳ್ಳೇ ಕಡಿಮೆ ಬರುತ್ತದೆ. ರಿಪೋರ್ಟ್‌ನ ಕೆಳಗೆ ‘ಹೀಮೊಲೈಸ್ಡ್’ ಎಂಬ ಮಾತಿದ್ದರೆ ಆ ಇನ್ಸುಲಿನ್ ಸಂಖ್ಯೆಯನ್ನು ನಂಬಬೇಡಿ, ಮತ್ತೆ ಮಾಡಿಸಿ.

ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಸೌಲಭ್ಯ ಈಗ ಎಲ್ಲ ಕಡೆ ಇದೆ. ಅನುಕೂಲವೇ, ಆದರೆ ಆ ಹುಡುಗ ನಿಮ್ಮ ಮನೆಯಿಂದ ಇನ್ನೂ ಐದಾರು ಮನೆಗೆ ಹೋಗಿ ಆಮೇಲೆ ಲ್ಯಾಬ್ ಮುಟ್ಟುವುದಾದರೆ ನಿಮ್ಮ ಟ್ಯೂಬ್ ಬ್ಯಾಗಿನಲ್ಲೇ ಇರುತ್ತದೆ. ಈ ಪರೀಕ್ಷೆಗೆ ಮಾತ್ರ ನೀವೇ ಲ್ಯಾಬ್‌ಗೆ ಹೋಗಿ ಬರುವುದು ಒಳ್ಳೆಯದು.

ಹೆಜ್ಜೆ 3: ಹಿಂದಿನ ದಿನ ಮತ್ತು ಆ ಬೆಳಿಗ್ಗೆ

ರಾತ್ರಿ ಎಂಟೂವರೆ ಒಳಗೆ ಎಂದಿನ ಊಟ ಮುಗಿಸಿ, ಬೆಳಿಗ್ಗೆ ಏಳರಿಂದ ಎಂಟರ ಒಳಗೆ ರಕ್ತ ಕೊಡಿ. ಹತ್ತರಿಂದ ಹನ್ನೆರಡು ಗಂಟೆ ಖಾಲಿ ಹೊಟ್ಟೆ ಸಾಕು. ನೀರು ಬೇಕಾದಷ್ಟು ಕುಡಿಯಿರಿ. ಕಾಫಿ ಬೇಡ. ಸಕ್ಕರೆ ಹಾಕದಿದ್ದರೂ ಹಾಲು ಇರುತ್ತದೆ. ಹಾಲಿಲ್ಲದ ಕಪ್ಪು ಕಾಫಿಯಲ್ಲೂ ಕೆಫೀನ್ ಇದ್ದೇ ಇರುತ್ತದೆ, ಅದು ಕೆಲವು ಗಂಟೆ ಇನ್ಸುಲಿನ್ ಸೆನ್ಸಿಟಿವಿಟಿಯನ್ನು ತಗ್ಗಿಸುತ್ತದೆ.

“ಎಂದಿನ ಊಟ” ಅನ್ನುವ ಮಾತಿಗೆ ಒತ್ತು ಕೊಡುತ್ತೇನೆ. ಪರೀಕ್ಷೆಗೆ ಮೂರು ದಿನ ಮುಂಚೆ ಅನ್ನ ಬಿಟ್ಟು, ಸಿಹಿ ಬಿಟ್ಟು ಹೋಗುವವರು ತುಂಬಾ ಜನ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಆದರೆ ಅದು ನಿಮ್ಮ ಬದುಕಿನ ರಿಪೋರ್ಟ್ ಅಲ್ಲ, ಆ ಮೂರು ದಿನದ್ದು. ಮದುವೆ ಊಟದ ಮಾರನೇ ದಿನವೂ ಬೇಡ, ಏಕಾದಶಿ ಉಪವಾಸದ ಮಾರನೇ ದಿನವೂ ಬೇಡ. ಹಿಂದಿನ ದಿನ ಚಾರಣ, ಜೋರು ಓಟ ಬೇಡ, ಯಾಕೆಂದರೆ ಗಟ್ಟಿ ವ್ಯಾಯಾಮದ ಪರಿಣಾಮ ಮಾರನೇ ದಿನಕ್ಕೂ ಉಳಿಯುತ್ತದೆ. ನೈಟ್ ಶಿಫ್ಟ್ ಮುಗಿಸಿ ಹಾಗೇ ಲ್ಯಾಬ್‌ಗೆ ಹೋಗಬೇಡಿ. ನಿದ್ದೆ ಕೆಟ್ಟ ಒಂದೇ ರಾತ್ರಿಯೂ ಸಂಖ್ಯೆಯನ್ನು ಕೆಡಿಸಬಲ್ಲದು.

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುವವರು ಇಲ್ಲಿ ಗಮನಿಸಿ. ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಇರುವುದು ಸಾಮಾನ್ಯ. ಇನ್ಸುಲಿನ್ ಅಳೆಯುವ ಕೆಲವು ಯಂತ್ರಗಳ ರಾಸಾಯನಿಕದಲ್ಲೂ ಬಯೋಟಿನ್ ಬಳಸಿರುತ್ತಾರೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಯಂತ್ರ ಮೋಸಹೋಗಿ ಇನ್ಸುಲಿನ್ ಕಡಿಮೆ ಎಂದು ತೋರಿಸುತ್ತದೆ. ಎರಡು ಮೂರು ದಿನ ಮೊದಲೇ ಆ ಮಾತ್ರೆ ನಿಲ್ಲಿಸಿ. ಡಾಕ್ಟರ್ ಬರೆದುಕೊಟ್ಟದ್ದಾದರೆ ಅವರನ್ನು ಕೇಳಿ ನಿಲ್ಲಿಸಿ.

ಹೆಜ್ಜೆ 4: ಯೂನಿಟ್ ಸರಿ ಮಾಡಿಕೊಳ್ಳಿ

ನಮ್ಮ ಲ್ಯಾಬ್‌ಗಳು ಗ್ಲೂಕೋಸನ್ನು ಮಿಲಿಗ್ರಾಂ/ಡೆಸಿಲೀಟರ್‌ನಲ್ಲಿ, ಇನ್ಸುಲಿನ್ನನ್ನು ಮೈಕ್ರೋಯೂನಿಟ್/ಮಿಲಿಲೀಟರ್‌ನಲ್ಲಿ ಕೊಡುತ್ತವೆ. ಇನ್ಸುಲಿನ್ ಮುಂದೆ ಮಿಲಿಯೂನಿಟ್/ಲೀಟರ್ ಅಂತ ಇದ್ದರೂ ಸಂಖ್ಯೆ ಒಂದೇ, ಗಾಬರಿ ಬೇಡ. ಲಂಡನ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡಿಗರಿಗೆ ಗ್ಲೂಕೋಸ್ ಮಿಲಿಮೋಲ್/ಲೀಟರ್‌ನಲ್ಲಿ ಬರುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಅಳತೆಗೆ ಬರುತ್ತದೆ. ಟ್ರೈಗ್ಲಿಸರೈಡನ್ನು 88.6ರಿಂದ ಗುಣಿಸಬೇಕು. ಇನ್ಸುಲಿನ್ ಪಿಕೋಮೋಲ್‌ನಲ್ಲಿ ಇದ್ದರೆ 6ರಿಂದ ಭಾಗಿಸಿ. ಕೆಲವು ಲ್ಯಾಬ್‌ಗಳು 6ರ ಬದಲು 6.945 ಬಳಸುತ್ತವೆ. ಯಾವುದನ್ನು ಬಳಸಿದರೂ ಪ್ರತಿ ಸಲ ಅದನ್ನೇ ಬಳಸಿ.

ಹೆಜ್ಜೆ 5: ಲೆಕ್ಕ ಹಾಕಿ

ಆರಂಭದಲ್ಲಿ ಹೇಳಿದ ಎರಡನೆಯವರ ರಿಪೋರ್ಟ್ ತೆಗೆದುಕೊಳ್ಳೋಣ. ಗ್ಲೂಕೋಸ್ 96, ಇನ್ಸುಲಿನ್ 16, ಟ್ರೈಗ್ಲಿಸರೈಡ್ 178, ಎಚ್‌ಡಿಎಲ್ 40.

ಹೋಮಾ-ಐಆರ್ = ಗ್ಲೂಕೋಸ್ × ಇನ್ಸುಲಿನ್ ÷ 405

ಐಆರ್ ಅಂದರೆ ಇನ್ಸುಲಿನ್ ರೆಸಿಸ್ಟೆನ್ಸ್. 96 × 16 = 1536. ಇದನ್ನು 405ರಿಂದ ಭಾಗಿಸಿದರೆ 3.79. ಮೊದಲನೆಯವರದು 96 × 4 ÷ 405, ಅಂದರೆ 0.95.

ಈ 405 ಎಲ್ಲಿಂದ ಬಂತು? ಆರೋಗ್ಯವಂತ ವ್ಯಕ್ತಿಯ ಫಾಸ್ಟಿಂಗ್ ಗ್ಲೂಕೋಸ್ 81, ಇನ್ಸುಲಿನ್ 5 ಎಂದು ಆ ಮಾದರಿ ಹಿಡಿದಿತ್ತು. 81 × 5 = 405. ಅಂಥವರಿಗೆ ಉತ್ತರ ಸರಿಯಾಗಿ 1 ಬರಬೇಕು. ಹಾಗಾಗಿ 3.79 ಅಂದರೆ ಆ ಮಾದರಿ ವ್ಯಕ್ತಿಗಿಂತ ಸುಮಾರು ಮೂರೂಮುಕ್ಕಾಲು ಪಟ್ಟು ರೆಸಿಸ್ಟೆನ್ಸ್ ಎಂದು ಓದಿಕೊಳ್ಳಿ. ಇದೊಂದು ತಿಳಿದುಕೊಂಡರೆ ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ಲೆಕ್ಕದ ಹೆಸರು ಕ್ವಿಕಿ. 2000ದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನ ಸಂಶೋಧಕರು ಕೊಟ್ಟದ್ದು.

ಕ್ವಿಕಿ = 1 ÷ (ಇನ್ಸುಲಿನ್‌ನ ಲಾಗ್ + ಗ್ಲೂಕೋಸ್‌ನ ಲಾಗ್)

ಫೋನಿನ ಕ್ಯಾಲ್ಕುಲೇಟರ್ ತೆರೆದು ಅಡ್ಡ ತಿರುಗಿಸಿ. ಹೆಚ್ಚಿನ ಫೋನ್‌ಗಳಲ್ಲಿ ಆಗ ಲಾಗ್ ಬಟನ್ ಕಾಣುತ್ತದೆ. 1536ರ ಲಾಗ್ ಸುಮಾರು 3.186. ಒಂದನ್ನು ಅದರಿಂದ ಭಾಗಿಸಿದರೆ 0.314. ಮೊದಲನೆಯವರಿಗೆ 0.387. ಇಲ್ಲಿ ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಹೋಮಾಗೆ ತದ್ವಿರುದ್ಧ. ತೆಳ್ಳಗಿನ ಆರೋಗ್ಯವಂತರಲ್ಲಿ 0.38ರ ಆಸುಪಾಸು, ಬೊಜ್ಜು ಇರುವವರಲ್ಲಿ 0.33ರ ಆಸುಪಾಸು ಬರುತ್ತದೆ.

ಎರಡರಲ್ಲೂ ಅದೇ 1536 ಇದೆ, ಗಮನಿಸಿದಿರಾ? ಒಂದೇ ಗುಣಲಬ್ಧವನ್ನು ಒಂದು ಸೂತ್ರ ನೇರವಾಗಿ ಓದುತ್ತದೆ, ಇನ್ನೊಂದು ಲಾಗ್ ತೆಗೆದು ಓದುತ್ತದೆ. ಹಾಗಾಗಿ ಹೋಮಾ ಕೆಟ್ಟದಾಗಿದೆ, ಕ್ವಿಕಿಯೂ ಕೆಟ್ಟದಾಗಿದೆ, ಎರಡೆರಡು ಪುರಾವೆ ಸಿಕ್ಕಿತು ಎಂದುಕೊಳ್ಳಬೇಡಿ. ಇರುವುದು ಒಂದೇ ಪುರಾವೆ.

ಹೆಜ್ಜೆ 6: ಬೇರೆ ಪರೀಕ್ಷೆಯಿಂದ ಸಾಕ್ಷಿ ಹುಡುಕಿ

ನಿಜವಾದ ಎರಡನೇ ಸಾಕ್ಷಿ ಬೇಕಾದರೆ ಲಿಪಿಡ್ ಪ್ರೊಫೈಲ್ ನೋಡಿ. ಲಿವರ್ ಇನ್ಸುಲಿನ್ ಮಾತು ಕೇಳದಿದ್ದಾಗ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ 178 ÷ 40 = 4.45. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2003ರಲ್ಲಿ ತೂಕ ಹೆಚ್ಚಿರುವವರನ್ನು ಪರೀಕ್ಷಿಸಿ, ಈ ಅನುಪಾತ 3 ದಾಟಿದರೆ ಇನ್ಸುಲಿನ್ ರೆಸಿಸ್ಟೆನ್ಸ್ ಇರುವ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡರು. ಇಲ್ಲಿ 4.45 ಬಂದಿರುವುದರಿಂದ ಹೋಮಾ ಹೇಳಿದ್ದಕ್ಕೆ ಬಲ ಬಂತು.

ಇನ್ಸುಲಿನ್ ಪರೀಕ್ಷೆಯೇ ಮಾಡಿಸದವರಿಗೆ ಟಿವೈಜಿ ಎಂಬ ಲೆಕ್ಕ ಇದೆ. ಮೆಕ್ಸಿಕೋದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು. ಹಳೆಯ ಚೆಕಪ್ ಹಾಳೆಗಳು ಮನೆಯಲ್ಲಿದ್ದರೆ ಅವುಗಳಿಂದಲೂ ಇದನ್ನು ತೆಗೆಯಬಹುದು. ಟ್ರೈಗ್ಲಿಸರೈಡನ್ನು ಗ್ಲೂಕೋಸ್‌ನಿಂದ ಗುಣಿಸಿ, ಎರಡರಿಂದ ಭಾಗಿಸಿ, ಕೊನೆಗೆ ಎಲ್‌ಎನ್ ಬಟನ್ ಒತ್ತಿ. 178 × 96 = 17088. ಅರ್ಧ 8544. ಎಲ್‌ಎನ್ ಒತ್ತಿದರೆ 9.05. ಬೇರೆ ಬೇರೆ ಅಧ್ಯಯನಗಳಲ್ಲಿ ಗೆರೆ ಬೇರೆ ಬೇರೆ ಕಡೆ ಬಿದ್ದಿದೆ. ಸುಮಾರಾಗಿ ಎಂಟೂವರೆ ದಾಟಿದರೆ ಗಮನ ಕೊಡಿ, ಒಂಬತ್ತು ದಾಟಿದರೆ ತಾತ್ಸಾರ ಮಾಡಬೇಡಿ.

ಎರಡರಿಂದ ಭಾಗಿಸುವುದು ಎಲ್‌ಎನ್ ಒತ್ತುವ ಮೊದಲು. ಆಮೇಲೆ ಭಾಗಿಸಿದರೆ ಇದೇ ರಿಪೋರ್ಟ್‌ಗೆ 4.87 ಬರುತ್ತದೆ. ಹಾಗೆ ಬರೆದಿರುವ ಸೂತ್ರವೂ ಓಡಾಡುತ್ತಿದೆ. ನಿಮ್ಮ ಉತ್ತರ 4ರ ಅಥವಾ 5ರ ಸುತ್ತ ಬಂದರೆ ಖುಷಿಪಡಬೇಡಿ, ಲೆಕ್ಕದ ಸರದಿ ಬದಲಾಗಿದೆ ಅಷ್ಟೇ.

ಹೆಜ್ಜೆ 7: ಸಂಖ್ಯೆಯನ್ನು ಓದುವುದು

ಲ್ಯಾಬ್ ಹಾಳೆಯಲ್ಲಿ ಇನ್ಸುಲಿನ್ ಮುಂದೆ ‘2.6–24.9’ ಎಂಬ ವ್ಯಾಪ್ತಿ ಇರುವುದನ್ನು ನೋಡಿರಬಹುದು. 16 ಅದರೊಳಗೆ ಆರಾಮವಾಗಿ ಕೂರುತ್ತದೆ, ಹಾಗಾಗಿ ದಪ್ಪ ಅಕ್ಷರವಾಗಲೀ ಬಾಣದ ಗುರುತಾಗಲೀ ಬರುವುದಿಲ್ಲ. ಜನರಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟ ಇದು ಎಂದು ಆ ವ್ಯಾಪ್ತಿ ಹೇಳುತ್ತದೆ. ಒಳ್ಳೆಯ ಮಟ್ಟ ಯಾವುದು ಎಂದು ಹೇಳುವುದಿಲ್ಲ. ಈ ಒಂದು ಕಾರಣಕ್ಕೇ ಎಷ್ಟೋ ಜನರ ಏರಿದ ಇನ್ಸುಲಿನ್ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹೋಮಾ-ಐಆರ್‌ಗೆ ಜಗತ್ತಿಗೆಲ್ಲ ಒಪ್ಪುವ ಗೆರೆ ಇಲ್ಲ. ಲ್ಯಾಬ್‌ನಿಂದ ಲ್ಯಾಬ್‌ಗೆ ಇನ್ಸುಲಿನ್ ಅಳೆಯುವ ಯಂತ್ರ ಬೇರೆ, ಒಂದೇ ರಕ್ತಕ್ಕೆ ಬೇರೆ ಸಂಖ್ಯೆ ಬರುತ್ತದೆ. ಸಾಮಾನ್ಯವಾಗಿ 2.5 ಎಂಬ ಗೆರೆ ಬಳಕೆಯಲ್ಲಿದೆ. ನಾನು ಓದುವುದು ಹೀಗೆ: ಒಂದೂವರೆ ಒಳಗಿದ್ದರೆ ನೆಮ್ಮದಿ, ಎರಡರ ಸುತ್ತ ಇದ್ದರೆ ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ ಜೊತೆ ಸೇರಿಸಿ ನೋಡಬೇಕು, ಎರಡೂವರೆ ದಾಟಿ ಲಿಪಿಡ್ ಕೂಡ ಅದನ್ನೇ ಹೇಳುತ್ತಿದ್ದರೆ ಡಾಕ್ಟರ್ ಜೊತೆ ಮಾತಾಡಬೇಕು. ಕೆಲವರು ಹೋಮಾ2 ಎಂಬ ಕಂಪ್ಯೂಟರ್ ಲೆಕ್ಕ ಬಳಸುತ್ತಾರೆ. ಅದರ ಉತ್ತರ ಇದಕ್ಕಿಂತ ಕಡಿಮೆ ಬರುತ್ತದೆ, ಅದನ್ನು 2.5ರ ಗೆರೆಗೆ ಹೋಲಿಸಬೇಡಿ.

“ನಾನು ದಪ್ಪ ಇಲ್ಲವಲ್ಲ, ನನಗ್ಯಾಕೆ ಇದೆಲ್ಲ” ಅನ್ನುವವರಿಗೆ ಒಂದು ಚಿತ್ರದ ಬಗ್ಗೆ ಹೇಳಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ 9.1 ಶೇಕಡಾ, ಯಾಜ್ಞಿಕ್‌ಗೆ 21.2 ಶೇಕಡಾ. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಕೊಬ್ಬು ಕೂರುವುದು ಜಾಸ್ತಿ. ತೂಕದ ಯಂತ್ರ ಅದನ್ನು ತೋರಿಸುವುದಿಲ್ಲ, ಟೇಪ್ ತೋರಿಸುತ್ತದೆ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಸೊಂಟದ ಗೆರೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಹೆಚ್ಚಾಗಿ ಅದು ಏರಿದ ಇನ್ಸುಲಿನ್‌ನ ಗುರುತು.

ಹೆಜ್ಜೆ 8: ಕಡಿಮೆ ಬಂದರೂ ಒಮ್ಮೆ ಅನುಮಾನಿಸಿ

ಈ ಲೆಕ್ಕದ ದೊಡ್ಡ ಬಲೆ ಇಲ್ಲಿದೆ. ಒಬ್ಬರಿಗೆ ಗ್ಲೂಕೋಸ್ 150, ಇನ್ಸುಲಿನ್ 6 ಎಂದುಕೊಳ್ಳಿ. 150 × 6 ÷ 405 = 2.22. ಗೆರೆಯ ಒಳಗೇ ಇದೆ ಅಲ್ವಾ? ಆದರೆ ಶುಗರ್ 150 ಇದ್ದಾಗ ಪ್ಯಾಂಕ್ರಿಯಾಸ್ ಇನ್ನೂ ಎಷ್ಟೋ ಜಾಸ್ತಿ ಇನ್ಸುಲಿನ್ ಬಿಡಬೇಕಿತ್ತು. ಬಿಡಲು ಆಗುತ್ತಿಲ್ಲ. ಇನ್ಸುಲಿನ್ ಕಡಿಮೆಯಾದ್ದರಿಂದ ಗುಣಲಬ್ಧ ಇಳಿದಿದೆಯೇ ಹೊರತು ಸೆನ್ಸಿಟಿವಿಟಿ ಸುಧಾರಿಸಿಲ್ಲ.

ಇದನ್ನು ಹಿಡಿಯಲು ಹೋಮಾದ್ದೇ ಇನ್ನೊಂದು ಸೂತ್ರ ಇದೆ.

ಹೋಮಾ-ಬಿ = 360 × ಇನ್ಸುಲಿನ್ ÷ (ಗ್ಲೂಕೋಸ್ − 63)

ಇದು ಪ್ಯಾಂಕ್ರಿಯಾಸಿನಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳ ದುಡಿಮೆಯನ್ನು ಶೇಕಡಾವಾರು ಹೇಳುತ್ತದೆ. ಇವರಿಗೆ 2160 ÷ 87, ಅಂದರೆ ಸುಮಾರು 25 ಶೇಕಡಾ. ನಮ್ಮ 96–16ರವರಿಗೆ 5760 ÷ 33, ಸುಮಾರು 175 ಶೇಕಡಾ. ಒಬ್ಬರ ಗ್ರಂಥಿ ವಿಪರೀತ ದುಡಿಯುತ್ತಿದೆ, ಇನ್ನೊಬ್ಬರದು ಸೋತಿದೆ. ಎರಡಕ್ಕೂ ಚಿಕಿತ್ಸೆ ಬೇರೆ. ಶುಗರ್ 100 ದಾಟಿದವರು ಹೋಮಾ-ಐಆರ್ ಒಂದನ್ನೇ ನೋಡಿ ನಿರ್ಧಾರಕ್ಕೆ ಬರಲೇಬಾರದು.

ಹೆಜ್ಜೆ 9: ಮೂರು ತಿಂಗಳ ನಂತರ ಮತ್ತೆ

ಇನ್ಸುಲಿನ್ ರಕ್ತಕ್ಕೆ ಒಂದೇ ಸಮನೆ ಹರಿಯುವುದಿಲ್ಲ, ಕೆಲವು ನಿಮಿಷಕ್ಕೊಮ್ಮೆ ಅಲೆಯಾಗಿ ಬರುತ್ತದೆ. ಸೂಜಿ ಅಲೆಯ ತುದಿಯಲ್ಲಿ ಬಿತ್ತೋ ತಳದಲ್ಲಿ ಬಿತ್ತೋ ಎನ್ನುವುದರ ಮೇಲೂ ಸಂಖ್ಯೆ ಬದಲಾಗುತ್ತದೆ. ಸಂಶೋಧನೆಯಲ್ಲಿ ಐದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ರಕ್ತ ತೆಗೆದು ಸರಾಸರಿ ಹಿಡಿಯುವುದು ಇದೇ ಕಾರಣಕ್ಕೆ. ನಮಗೆ ಒಂದೇ ಸಲ ಸಿಗುವುದರಿಂದ ಸಣ್ಣ ಏರಿಳಿತಕ್ಕೆ ಬೆಲೆ ಕೊಡಬೇಡಿ. 3 ಇದ್ದದ್ದು 2.7 ಆದರೆ ಅದು ಇಳಿಕೆ ಅಲ್ಲ, 3.4 ಆದರೆ ಏರಿಕೆಯೂ ಅಲ್ಲ.

ಅದೇ ಲ್ಯಾಬ್, ಅದೇ ಹೊತ್ತು, ಹಿಂದಿನ ರಾತ್ರಿ ಅದೇ ಥರದ ಊಟ. ನಮ್ಮ ಉದಾಹರಣೆಯವರು ದಿನಾ ನಡೆದು, ರಾತ್ರಿ ಅನ್ನ ತಗ್ಗಿಸಿ, ಸೊಂಟದಲ್ಲಿ ಐದು ಸೆಂಟಿಮೀಟರ್ ಇಳಿಸಿಕೊಂಡು ಮತ್ತೆ ಮಾಡಿಸಿದರು ಎಂದುಕೊಳ್ಳಿ. ಗ್ಲೂಕೋಸ್ 92, ಇನ್ಸುಲಿನ್ 9.5, ಟ್ರೈಗ್ಲಿಸರೈಡ್ 130. ಹೋಮಾ-ಐಆರ್ 2.16, ಟಿವೈಜಿ 8.70. ಶುಗರ್ ಇಳಿದದ್ದು ನಾಲ್ಕೇ ನಾಲ್ಕು. ಶುಗರ್ ಮಾತ್ರ ನೋಡುವವರು “ಅಷ್ಟು ಕಷ್ಟಪಟ್ಟರೂ ಏನೂ ಆಗಲಿಲ್ಲ” ಎಂದು ಕೈಬಿಡುತ್ತಿದ್ದರು. ಇನ್ಸುಲಿನ್ ಮಾತ್ರ 16ರಿಂದ 9.5ಕ್ಕೆ ಬಂದಿದೆ. ಇದು ಸಣ್ಣ ಏರಿಳಿತ ಅಲ್ಲ, ಯಾಕೆಂದರೆ ಟ್ರೈಗ್ಲಿಸರೈಡ್ ಮತ್ತು ಸೊಂಟ ಎರಡೂ ಜೊತೆಗೇ ಇಳಿದಿವೆ.

ಸಂಖ್ಯೆಗೂ ನಿಮ್ಮ ಅನುಭವಕ್ಕೂ ತಾಳೆಯಾಗದಿದ್ದರೆ, ಉದಾಹರಣೆಗೆ ಹೋಮಾ ಚೆನ್ನಾಗಿದ್ದೂ ಊಟದ ನಂತರದ ಶುಗರ್ ಏರುತ್ತಿದ್ದರೆ, ಗ್ಲೂಕೋಸ್ ಕುಡಿಸಿ ಇನ್ಸುಲಿನ್ನನ್ನೂ ಅಳೆಯುವ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಅದರಿಂದ ತೆಗೆಯುವ ಮತ್ಸುದಾ ಸೂಚ್ಯಂಕದಲ್ಲಿ ಲಿವರ್ ಜೊತೆಗೆ ಸ್ನಾಯುಗಳ ಪಾಲೂ ಸೇರಿರುತ್ತದೆ.

ಮಕ್ಕಳ ವಿಷಯದಲ್ಲಿ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರ ಶುಗರ್ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂತು. ಗರ್ಭದಲ್ಲಿದ್ದಾಗ ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಒಂಬತ್ತೂವರೆ ವಯಸ್ಸಿಗೇ ಮೈಕೊಬ್ಬು ಮತ್ತು ಇನ್ಸುಲಿನ್ ರೆಸಿಸ್ಟೆನ್ಸ್ ಜಾಸ್ತಿ ಕಂಡಿತು. ಬಸುರಿಯಾಗಿದ್ದಾಗ ಶುಗರ್ ಬಂದಿದ್ದ ತಾಯಂದಿರು ತಮ್ಮ ಪರೀಕ್ಷೆಯ ಜೊತೆಗೆ ಮಗುವಿನ ಬಗ್ಗೆಯೂ ಮಕ್ಕಳ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ.

ಆದರೆ ದೊಡ್ಡವರ 2.5ರ ಗೆರೆಯನ್ನು ಹದಿಮೂರು ವರ್ಷದ ಹುಡುಗಿಗೆ ಹಿಡಿಯಬೇಡಿ. ಮೈನೆರೆಯುವ ವಯಸ್ಸಿನಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಇನ್ಸುಲಿನ್ ತಾನಾಗಿಯೇ ಏರುತ್ತದೆ, ಆ ಹಂತ ದಾಟಿದ ಮೇಲೆ ಮತ್ತೆ ಇಳಿಯುತ್ತದೆ. ಕತ್ತು ಕಪ್ಪಾಗಿದೆ, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದೆ, ಸೊಂಟ ಬೇಗಬೇಗ ಹೆಚ್ಚುತ್ತಿದೆ ಅಂತಾದರೆ ಮನೆಯಲ್ಲಿ ಲೆಕ್ಕ ಹಾಕುವ ಬದಲು ಅಷ್ಟನ್ನೂ ಬರೆದುಕೊಂಡು, ಮನೆಯಲ್ಲಿ ಯಾರ್ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನೂ ಸೇರಿಸಿ, ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.